ಎರಡನೆಯ ಬಿಲ್ಲೆ

ಹಡಗಿನಿಂದ
ಶುಕ್ರವಾರ, 11 ಜುಲೈ 1997

ಪ್ರೀತಿಯ ಲೊರೇನ್,

ನೀನು, ಡೆರೆಕ್, ಮಕ್ಕಳು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಾರ್ವೆಯ ಬರ್ಗನ್ನಿನಿಂದಲೇ ಉದ್ದದ ಕಾಗದ ಬರೆಯುತ್ತೇನೆಂದು ಮಾತು ಕೊಟ್ಟವಳು ಬೆಟ್ಟದ ಚಿತ್ರವಿರುವ ಒಂದು ಕಾರ್ಡಿನ ಹಿಂದೆ ‘ಎಲ್ಲ ಕ್ಷೇಮ’ ಎಂದು ಗೀಚಿ ಹಾಕಿದೆ. ಬೇಸರ ಮಾಡಿಕೊಳ್ಳಬೇಡ. ದಿನಚರಿ ಪುಸ್ತಕದಲ್ಲಿ ದಿನವೂ ಎರಡು ಸಾಲು ಬರೆದಿದ್ದೇನೆ: ಗಾಳಿ ಯಾವ ಕಡೆಯಿಂದ, ಊಟಕ್ಕೆ ಏನಿತ್ತು, ಅಷ್ಟೆ. ಅದಕ್ಕಿಂತ ಹೆಚ್ಚು ಬರೆಯಹೊರಟರೆ ಕೈ ನಿಂತುಬಿಡುತ್ತಿತ್ತು. ಇದನ್ನು ಅದೇ ಪುಸ್ತಕದಿಂದ ಹಾಳೆ ಹರಿದು ಬರೆಯುತ್ತಿದ್ದೇನೆ. ಅಂಚು ಚಿಂದಿಯಾಗಿದೆ, ನೋಡಿಕೊಂಡು ಓದು.

ಮೊದಲು ಒಂದು ತಪ್ಪೊಪ್ಪಿಕೊಳ್ಳುತ್ತೇನೆ. ನಿನ್ನಪ್ಪನ ಟಿಕೆಟ್ ರದ್ದು ಮಾಡಿಸಿದೆ ಎಂದು ನಿನಗೆ ಹೇಳಿದ್ದೆ. ಮಾಡಿಸಿರಲಿಲ್ಲ. ಫೋನ್ ಮಾಡಿದ್ದು ನಿಜ. ಆ ಕಡೆಯ ಹೆಂಗಸು ‘ಕಾರಣ ಏನು ಅಂತ ಹೇಳ್ತೀರಾ?’ ಎಂದಳು. ಹೇಳಲಾಗದೆ ಫೋನ್ ಇಟ್ಟುಬಿಟ್ಟೆ. ನವೆಂಬರಿನಿಂದ ಈಚೆಗೆ, ಎಂಟು ತಿಂಗಳಲ್ಲಿ, ವಿಲ್ಫ್ ತೀರಿಕೊಂಡರು ಎನ್ನುವ ಮಾತು ನನ್ನ ಬಾಯಿಂದ ಒಂದು ಸಲವೂ ಬಂದಿರಲಿಲ್ಲ. ಬರೆಯಲು ಬರುತ್ತದೆ ನೋಡು, ಈಗ ಬರೆದೆ. ಹೇಳಬೇಕಾದ ಕಡೆಯೆಲ್ಲ, ಚರ್ಚಿನಲ್ಲಿ, ಪಿಂಚಣಿ ಕಚೇರಿಯಲ್ಲಿ, ಮಾಂಸದಂಗಡಿಯಲ್ಲಿ, ನನ್ನ ಪರವಾಗಿ ನೀನೇ ಹೇಳಿದೆ.

ನ್ಯೂಕಾಸಲ್ಲಿನಲ್ಲಿ ಹಡಗು ಹತ್ತುವಾಗ ಜನ ಕಿಕ್ಕಿರಿದಿದ್ದರು. ಎರಡು ಟಿಕೆಟ್, ಎರಡು ಪಾಸ್‌ಪೋರ್ಟ್ ಮುಂದಿಟ್ಟೆ. ಗುಮಾಸ್ತ ತಲೆಯೆತ್ತಿ ‘ನಿಮ್ಮ ಯಜಮಾನ್ರು?’ ಎಂದ. ‘ಹಿಂದೆ ಬರ್ತಿದ್ದಾರೆ’ ಎಂದೆ. ಅವನು ಎರಡಕ್ಕೂ ಗುರುತು ಹಾಕಿ ಮುಂದಿನವರನ್ನು ಕರೆದ. ಹೀಗೆ ನಿನ್ನಪ್ಪ ಹಡಗು ಹತ್ತಿದರು. ಬೇಕೆಂದು ಹೇಳಿದ ಸುಳ್ಳಲ್ಲ, ನಿನ್ನಾಣೆ. ಬಾಯಿಗೆ ಬಂದದ್ದು ಅದು.

ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ಊಟ ತಿಂಡಿ ಎಲ್ಲ ನೋಡಿಕೊಳ್ಳಬೇಕಾಗುತ್ತದೆ. ಊಟದ ಮೇಜಿನಲ್ಲಿ ನನ್ನ ಎದುರಿಗೆ ಡಾನ್‌ಕಾಸ್ಟರಿನ ಮ್ಯೂರಿಯಲ್ ಎಂಬ ಹೆಂಗಸು. ಮೊದಲ ಸಂಜೆಯೇ ಖಾಲಿ ಕುರ್ಚಿಯನ್ನು ನೋಡಿದಳು.

‘ಎಲ್ರೀ, ನಿಮ್ಮವರು ಊಟಕ್ಕೆ ಬರ್ಲಿಲ್ವಾ?’

‘ಮಲಗಿದ್ದಾರೆ.’

‘ಅಯ್ಯೋ, ಕಡಲು ಒಗ್ಗಲಿಲ್ವಾ ಪಾಪ? ಗಂಡಸ್ರೇ ಹಾಗೆ ಕಣ್ರೀ. ಮನೇಲಿ ಹುಲಿ, ನೀರು ಕಂಡ್ರೆ ಇಲಿ.’

ಬೇರ್ ದ್ವೀಪದ ಆಚೆ ಚಳಿಗಾಲದಲ್ಲಿ ಇಪ್ಪತ್ತೆರಡು ವರ್ಷ ಬಲೆ ಎಳೆದ ಮನುಷ್ಯನಿಗೆ ಈ ಮಾತು! ಅವರಿದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದರು. ನಾನು ಹೂಂ ಎಂದೆ. ಅಂದಿನಿಂದ ದಿನಾ ಸಂಜೆ ಮ್ಯೂರಿಯಲ್ ಕರವಸ್ತ್ರದಲ್ಲಿ ಶುಂಠಿ ಬಿಸ್ಕತ್ತು ಕಟ್ಟಿಕೊಡುತ್ತಿದ್ದಳು. ‘ಇದನ್ನ ಅವರಿಗೆ ಕೊಡಿ. ನಾಲಗೆ ಮೇಲೆ ಇಟ್ಕೊಳ್ಳೋಕೆ ಹೇಳಿ, ಅಗಿಯೋದು ಬೇಡ.’

ನಮ್ಮ ಕೋಣೆಯನ್ನು ನೋಡಿಕೊಳ್ಳುವವನು ರೊಡೆಲ್ ಅಂತ, ಫಿಲಿಪೀನ್ಸಿನವನು, ನಿನ್ನಷ್ಟೇ ವಯಸ್ಸು. ಮೂರನೆಯ ದಿನ ಅವನು ಹಾಸಿಗೆ ಸರಿಮಾಡುತ್ತಾ, ‘ಸಾರ್ ಕಾಲನ್ನ ಹೊದಿಕೆ ಆಚೆ ಹಾಕ್ಕೊಂಡು ಮಲಗ್ತಾರೆ ಅಲ್ವಾ ಅಮ್ಮಾ? ಎಷ್ಟು ಬಿಗಿಯಾಗಿ ಸಿಕ್ಕಿಸಿದ್ರೂ ಬೆಳಗ್ಗೆ ಆ ಕಡೆ ಕಿತ್ತು ಬಂದಿರುತ್ತೆ. ನನ್ನ ಮಾವನೂ ಹಾಗೇ. ಪಾದ ಉರಿ’ ಎಂದ.

ನಿದ್ದೆಯಲ್ಲಿ ನಾನೇ ಎಳೆದಿರಬೇಕು. ಆದರೆ ನಾನು ಮಲಗುವುದು ಗೋಡೆಯ ಕಡೆ, ಕಾಲು ಮುದುಡಿಕೊಂಡು. ನಿನಗೇ ಗೊತ್ತಲ್ಲ.

ಇನ್ನು ಬುಧವಾರದ ವಿಷಯ. ಬೆಳಿಗ್ಗೆ ಹಾನಿಂಗ್ಸ್‌ವೋಗ್ ಬಂದರಿಗೆ ಬಂದೆವು. ಇಲ್ಲಿಯೇ ನಿನ್ನಪ್ಪನ ಟ್ರಾಲರಿನ ಬಲೆ ಎಳೆಯುವ ಯಂತ್ರ ಕೆಟ್ಟು, ಅರವತ್ತೊಂಬತ್ತರ ಚಳಿಗಾಲದಲ್ಲಿ ಹನ್ನೊಂದು ದಿನ ಕಟ್ಟಿಹಾಕಿದ್ದರು. ‘ಹನ್ನೊಂದು ದಿನ ಕಾಲುಚೀಲ ಒಣಗಿತ್ತು ಕಣೇ, ಸ್ವರ್ಗ’ ಎಂದು ಪ್ರತಿ ಕ್ರಿಸ್‌ಮಸ್ಸಿಗೂ ಹೇಳುತ್ತಿದ್ದರಲ್ಲ. ಆ ನೀರಿನ ಮೇಲೆ ಒಂದು ಸಲ ಒಣ ಕಾಲುಚೀಲದಲ್ಲಿ, ಯಾರಾದರೂ ಚಹಾ ತಂದುಕೊಡುತ್ತಿರುವಾಗ ಹೋಗಬೇಕು ಎನ್ನುವ ಅವರ ಆಸೆಗೇ ಈ ಪ್ರಯಾಣದ ಟಿಕೆಟ್ ಮಾಡಿಸಿದ್ದು.

ನಮ್ಮದು ಹಳೆಯ, ಸಣ್ಣ ಹಡಗು. ಇಳಿಯುವ ಏಣಿಯ ಬಳಿ ಗೋಡೆಗೆ ಒಂದು ಹಲಗೆ. ಅದರಲ್ಲಿ ಸಾಲು ಸಾಲು ಕೊಕ್ಕೆ, ಒಬ್ಬೊಬ್ಬರಿಗೂ ಒಂದೊಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ನಿನ್ನ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಹತ್ತಿದ ಮೇಲೆ ಮತ್ತೆ ನೇತುಹಾಕಬೇಕು. ಯಾವ ಕೊಕ್ಕೆ ಖಾಲಿಯೋ ಅವರು ಇನ್ನೂ ದಡದಲ್ಲಿದ್ದಾರೆ ಎಂದು ಲೆಕ್ಕ. ನಮ್ಮ ಕೋಣೆ 212, ಎರಡು ಬಿಲ್ಲೆ. ಬರ್ಗನ್ನಿನಲ್ಲಿ, ಟ್ರಾಮ್ಸೋದಲ್ಲಿ ನನ್ನದೊಂದನ್ನೇ ತೆಗೆದುಕೊಂಡಿದ್ದೆ. ಇಲ್ಲಿ ಎರಡನ್ನೂ ತೆಗೆದುಕೊಂಡೆ. ಅವರಿಗೆ ಗೊತ್ತಿದ್ದ ಊರು, ಹಡಗಿನಲ್ಲೇ ಬಿಟ್ಟು ಹೋಗುವುದು ಹೇಗೆ ಅನ್ನಿಸಿತು. ಬಿಲ್ಲೆ ನೋಡಿಕೊಳ್ಳುವ ಹುಡುಗಿ ನನ್ನ ಹೆಗಲ ಮೇಲಿನಿಂದ ಹಿಂದಕ್ಕೆ ನೋಡಿ ನಕ್ಕು, ‘ಸಾರ್ ಕೂಡ ಎದ್ರು, ಒಳ್ಳೇದಾಯ್ತು’ ಎಂದಳು. ಹಿಂದೆ ಬೇರೆ ಯಾರೋ ಇದ್ದಿರಬೇಕು. ನಾನು ತಿರುಗಲಿಲ್ಲ.

ಉಳಿದವರೆಲ್ಲ ಬಸ್ಸು ಹತ್ತಿ ಉತ್ತರದ ತುದಿ ನೋಡಲು ಹೋದರು. ನಾನೊಬ್ಬಳೇ ಊರೊಳಗೆ ನಡೆದೆ. ಮಂಜು ಎಷ್ಟೆಂದರೆ ಮನೆಗಳ ಕೆಳಗಿನ ಅರ್ಧ ಮಾತ್ರ ಕಾಣುತ್ತಿತ್ತು. ಈ ಊರಿನಲ್ಲಿ ಈಗ ಕತ್ತಲೆಯೇ ಇಲ್ಲ. ಬೆಳಗಿನ ಹತ್ತೂ ರಾತ್ರಿಯ ಹತ್ತೂ ಒಂದೇ ಬೂದಿ ಬಣ್ಣ. ಮೀನಿನ ತಲೆಗಳನ್ನು ಒಣಹಾಕಿದ ಚಪ್ಪರಗಳ ಪಕ್ಕದಲ್ಲಿ ಹೋಗುವಾಗ ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ಒಂದು ಭಾರ, ಒಂದು ಹಗುರ. ಒಂದು ಭಾರ, ಒಂದು ಹಗುರ. ಉಕ್ಕಿನ ಹಗ್ಗ ಬಡಿದು ಎಡಮಂಡಿ ಹೋದ ಮೇಲೆ ನಿನ್ನಪ್ಪ ನಮ್ಮ ಓಣಿಯಲ್ಲಿ ನಡೆದು ಬರುತ್ತಿದ್ದ ಸದ್ದು. ಆ ಸದ್ದು ಕೇಳಿಯೇ ನಾನು ಚಹಾಕ್ಕೆ ನೀರಿಡುತ್ತಿದ್ದೆ.

ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಹೆದರಿಕೆಯಾಯಿತೇ ಎಂದು ಕೇಳುತ್ತೀಯ. ಆಯಿತು. ಆದರೆ ಅದು ನಿಂತುಹೋದರೆ ಎನ್ನುವ ಹೆದರಿಕೆ ಅದಕ್ಕಿಂತ ಹೆಚ್ಚಾಗಿತ್ತು. ಅದಕ್ಕೇ ನಿಧಾನವಾಗಿ ನಡೆದೆ, ಆ ಮಂಡಿಗೆ ಆಗುವಷ್ಟು ನಿಧಾನ.

ದೋಣಿಗಳ ಎದುರಿಗೆ ಒಂದು ಕಾಫಿ ಅಂಗಡಿ. ನಡೆಸುವವಳು ಸೋಲ್ವೈ ಎಂಬ ಮುದುಕಿ. ಬಾಯಿ ತೆರೆದರೆ ನಮ್ಮ ಹಲ್ ಊರಿನ ಇಂಗ್ಲಿಷು, ಹೆಸಲ್ ರಸ್ತೆಯ ಮೀನಂಗಡಿಯಲ್ಲಿ ನಿಂತಹಾಗಿತ್ತು.

‘ನಿಮ್ಮ ಟ್ರಾಲರಿನ ಗಂಡಸ್ರೇ ಕಲಿಸಿದ್ದು’ ಎಂದಳು. ‘ಅರ್ಧ ಬೈಗುಳ. ಯಾವ್ದು ಬೈಗುಳ, ಯಾವ್ದು ಮಾತು ಅಂತ ಗೊತ್ತಾಗದೆ ಒಂದ್ಸಲ ನಿಮ್ಮ ಪಾದ್ರಿಗೇ ಅಂದುಬಿಟ್ಟಿದ್ದೆ. ಕೂತ್ಕೊಳ್ಳಿ, ಕೂತ್ಕೊಳ್ಳಿ.’

ತೆಳ್ಳಗಿನ, ಚೌಕುಳಿ ಅಚ್ಚಿನ ಸಿಹಿರೊಟ್ಟಿ ತಂದಳು. ಕಾಫಿ ಎರಡು ಕಪ್ಪು ತಂದಳು.

‘ಒಂದೇ ಸಾಕಾಗಿತ್ತು’ ಎಂದೆ.

‘ಅವರಿಗೆ ಬೇಡ್ವಾ?’ ಕಿಟಕಿಯ ಕಡೆ ಗಲ್ಲ ಎತ್ತಿದಳು. ‘ಹೊರಗೇ ನಿಂತುಬಿಟ್ರಲ್ಲ. ಕೂಗಿ ಒಳಗೆ, ಚಳಿ. ನಿಮ್ಮೂರ ಗಂಡಸ್ರು ಹೀಗೇ, ದೋಣಿ ಕಂಡ್ರೆ ಹೆಂಡ್ತೀನೂ ಮರೀತಾರೆ.’

‘ನಮ್ಮೂರಿನವರು ಅಂತ ಹೇಗೆ ಹೇಳ್ತೀರಿ?’

‘ಟೋಪಿ ಹಿಂದಕ್ಕೆ ತಳ್ಳಿದ್ದಾರೆ, ಕೈ ಎರಡೂ ಜೇಬಲ್ಲಿ. ಇಲ್ಲಿಯವ್ರು ಹಾಗೆ ನಿಲ್ಲಲ್ಲಮ್ಮ. ಇಲ್ಲಿಯವ್ರಿಗೆ ಕೈಗೆ ಕೆಲಸ ಇರುತ್ತೆ.’ ತಾನೇ ನಕ್ಕಳು.

ಕಿಟಕಿಯ ಆಚೆ ಮಂಜು, ಒಂದು ಹಗ್ಗದ ಸುರುಳಿ, ಒಂದು ಕಡಲಹಕ್ಕಿ. ಅಷ್ಟೇ ನನಗೆ ಕಂಡದ್ದು. ‘ಅವರು ನನ್ನ ಜೊತೆ ಬಂದಿಲ್ಲ’ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು, ‘ಸ್ವಲ್ಪ ಹೊತ್ತು ನೋಡಿಕೊಳ್ಳಲಿ ಬಿಡಿ.’ ಎರಡನೆಯ ಕಪ್ಪಿನ ಹಬೆ ನಿಲ್ಲುವವರೆಗೂ ಕೂತಿದ್ದೆ. ಲೊರೇನ್, ಎಂಟು ತಿಂಗಳಲ್ಲಿ ಅಷ್ಟು ಸುಖವಾಗಿ ನಾನು ಎಲ್ಲೂ ಕೂತಿರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನಾಲ್ಕಕ್ಕೆ ಹಡಗಿಗೆ ಹಿಂತಿರುಗಿದೆ. ನನ್ನ ಬಿಲ್ಲೆ ಕೊಕ್ಕೆಗೆ ಹಾಕಿದೆ. ಅವರದನ್ನು ಹಾಕಲು ಕೈ ಎತ್ತಿದೆ, ಆಗಲಿಲ್ಲ. ಹಾಕಿದರೆ ಅವರು ಮತ್ತೆ ಆ ಕೋಣೆಯಲ್ಲಿ, ಪರದೆ ಎಳೆದುಕೊಂಡು, ಮ್ಯೂರಿಯಲ್‌ಳ ಬಿಸ್ಕತ್ತಿಗೆ ಕಾಯುತ್ತ ಮಲಗಬೇಕಲ್ಲ ಅನ್ನಿಸಿತು. ಈ ದಡದಲ್ಲಾದರೆ ನೋಡಲು ದೋಣಿಗಳಿವೆ. ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೋಣೆಗೆ ಹೋದೆ. ಮುಂದೆ ಏನಾಗುತ್ತದೆ ಎಂದು ಯೋಚಿಸಲೇ ಇಲ್ಲ.

ಐದು ಗಂಟೆಗೆ ಧ್ವನಿವರ್ಧಕದಲ್ಲಿ ಬಂತು: ‘ಕೋಣೆ 212ರ ಮಿಸ್ಟರ್ ವಿಲ್ಫ್ರೆಡ್ ಡ್ರೂರಿ ಅವರು ದಯವಿಟ್ಟು ಏಣಿಯ ಬಳಿ ಬರಬೇಕು.’

ಆ ಹೆಸರು ಹಡಗಿನ ತುಂಬ ಕೇಳಿಸಿತು. ಮಂಜಿನಲ್ಲೂ ಕೇಳಿಸಿರಬೇಕು. ಬದುಕಿರುವವರನ್ನು ಕರೆಯುವ ಹಾಗೆ, ಸ್ವಲ್ಪ ಸಿಟ್ಟಿನಿಂದ, ತಡಮಾಡಿದವರನ್ನು ಕರೆಯುವ ಹಾಗೆ ಕರೆದರು. ನಾನು ಹಾಸಿಗೆಯ ಮೇಲೆ ಕೂತು ಕೇಳಿದೆ. ಇನ್ನೊಂದು ಸಲ ಕರೆಯಲಿ ಎಂದು ಕಾದೆ. ಕರೆದರು.

ಮ್ಯೂರಿಯಲ್ ಬಾಗಿಲು ಬಡಿದಳು. ‘ಏನ್ರೀ ಇದು, ತಲೆ ಎತ್ತಕ್ಕಾಗಲ್ಲ ಅಂದ ಮನುಷ್ಯ ಊರು ಸುತ್ತಕ್ಕೆ ಹೋಗಿದ್ದಾರಾ? ಹಡಗೇ ಕಾಯ್ತಾ ಇದೆ! ಎಲ್ಲೋ ಬಿಯರ್ ಸಿಕ್ಕಿದೆ ನೋಡಿ ಅವರಿಗೆ.’

ಅವಳ ಹಿಂದೆಯೇ ಅಧಿಕಾರಿ ಬಂದರು. ಪ್ರಿಂಗಲ್ ಎಂದು, ಸ್ಕಾಟ್‌ಲ್ಯಾಂಡಿನವರು. ‘ಕೊನೇ ಸಲ ಎಲ್ಲಿ ನೋಡಿದ್ರಿ ಅಮ್ಮಾ?’

‘ಕಾಫಿ ಅಂಗಡಿ ಹತ್ರ’ ಎಂದೆ. ನೋಡು, ಎಂಥ ಮಾತು ಬಂತು.

‘ಹುಷಾರಿರಲಿಲ್ಲ ಅಂತಾರೆ ಇವರು. ನಡೆಯೋದು ಹೇಗೆ?’

‘ಎಡಗಾಲು ಎಳೀತಾರೆ.’

ಅವರು ‘ದೋಣಿ ಕಟ್ಟೋ ಜೆಟ್ಟಿಗೆ ಅಂಚಿನ ಕಂಬಿ ಇಲ್ಲ, ಈ ಮಂಜು ಬೇರೆ’ ಎಂದು ಯಾರಿಗೋ ವಾಕಿಟಾಕಿಯಲ್ಲಿ ಹೇಳುತ್ತ ಓಡಿದರು. ಸ್ವಲ್ಪ ಹೊತ್ತಿಗೆ ಕಿಟಕಿಯಾಚೆ ಇಂಜಿನ್ ಸದ್ದು. ಒಂದು, ಆಮೇಲೆ ಇನ್ನೊಂದು. ಊರಿನ ಮೀನುಗಾರರು ತಮ್ಮ ದೋಣಿ ಬಿಚ್ಚಿ ಬಂದರಿನ ನೀರಿನಲ್ಲಿ ಹುಡುಕಲು ಹೊರಟಿದ್ದರು. ಉದ್ದ ಕೋಲಿನ ತುದಿಗೆ ಕೊಕ್ಕೆ ಕಟ್ಟಿಕೊಂಡು ನಿಂತ ಒಬ್ಬ ಮನುಷ್ಯ ಮಂಜಿನಲ್ಲಿ ಹಾದುಹೋದ.

ಆ ಕೋಲು ಏತಕ್ಕೆಂದು ಮೀನುಗಾರರ ಹೆಸಲ್ ರಸ್ತೆಯಲ್ಲಿ ಹುಟ್ಟಿದವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಓಣಿಯಲ್ಲಿ ಎಷ್ಟು ಮನೆಯ ಗಂಡಸರು ಹಾಗೆ ಬೇರೆಯವರನ್ನು ಹುಡುಕಲು ಹೋಗಿ ತಾವೂ ಬರಲಿಲ್ಲ! ಇಲ್ಲದವರಿಗಾಗಿ ಇರುವವರನ್ನು ನೀರಿಗೆ ಕಳಿಸಿ ನಾನು ಹಾಸಿಗೆಯ ಮೇಲೆ ಕೂತಿದ್ದೇನೆ. ಎದ್ದೆ. ಏಣಿಯವರೆಗೆ ಹೇಗೆ ಹೋದೆನೋ ಗೊತ್ತಿಲ್ಲ.

‘ದೋಣಿಗಳನ್ನ ವಾಪಸ್ ಕರೀರಿ’ ಎಂದೆ.

‘ಅಮ್ಮಾ, ನೀವು ಒಳಗೆ ಕೂತಿರಿ, ನಾವು ಹುಡುಕ್ತೀವಿ.’

‘ಅವರು ಸತ್ತುಹೋಗಿದ್ದಾರೆ. ನವೆಂಬರಿನಲ್ಲಿ. ಆಸ್ಪತ್ರೆ ಹಾಸಿಗೆ ಮೇಲೆ.’

ಪ್ರಿಂಗಲ್ ನನ್ನನ್ನೇ ನೋಡಿದರು. ಬುದ್ಧಿ ಕೆಟ್ಟಿದೆ ಎಂದುಕೊಂಡಿರಬೇಕು. ‘ಬೆಳಗ್ಗೆ ನಿಮ್ಮ ಜೊತೆ ಇಳಿದ್ರಲ್ಲ. ಬಿಲ್ಲೆ ಇಲ್ಲ ನೋಡಿ’ ಎಂದು ಮೆಲ್ಲಗೆ ಹೇಳಿದರು. ನಾನು ಮುಷ್ಟಿ ಬಿಚ್ಚಿದೆ. ಗಟ್ಟಿಯಾಗಿ ಹಿಡಿದಿದ್ದಕ್ಕೆ 212 ಎಂದು ಅಂಗೈಯಲ್ಲಿ ಅಚ್ಚೊತ್ತಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿಲ್ಲೆ ತೆಗೆದುಕೊಂಡು, ಕೊಕ್ಕೆಗೆ ಹಾಕದೆ, ತಮ್ಮ ಕಿಸೆಯಲ್ಲಿಟ್ಟುಕೊಂಡರು. ದೋಣಿಗಳಿಗೆ ಹೇಳಲು ವಾಕಿಟಾಕಿ ಎತ್ತಿದರು. ಅವರು ಮಾತಾಡುವ ಮೊದಲೇ ಅದರೊಳಗಿಂದ ದೋಣಿಯವನೊಬ್ಬನ ದನಿ ಬಂತು.

‘ಸಿಕ್ಕಿದ್ರು! ಗಾಬರಿ ಬೇಡ. ಹಳೇ ಜೆಟ್ಟಿ ತುದೀಲಿ ನಿಂತಿದ್ದಾರೆ. ಟೋಪಿ ಹಾಕಿದಾರೆ, ಕಾಲು ಎಳೀತಾರೆ. ಡ್ರೂರಿ ಅಂತ ಕೂಗಿದೆ, ತಿರುಗಿ ನೋಡಿದ್ರು.’

ಬಿಲ್ಲೆಯ ಹುಡುಗಿ ಖಾಲಿ ಕೊಕ್ಕೆಯ ಕಡೆ ನೋಡಿದಳು. ಪ್ರಿಂಗಲ್ ‘ಯಾರೋ ಊರಿನವರು ಇರ್ಬೇಕು’ ಎಂದರು. ವಾಕಿಟಾಕಿಗೆ, ‘ಅವರಲ್ಲ. ನಮ್ಮವರೆಲ್ಲ ಹತ್ತಿದ್ದಾರೆ. ವಾಪಸ್ ಹೋಗಿ, ಉಪಕಾರ ಆಯ್ತು’ ಎಂದರು.

ಏಣಿ ಎತ್ತಿದರು. ನಾನು ಮೇಲಿನ ಡೆಕ್ಕಿಗೆ ಹೋದೆ. ದಡದಲ್ಲಿ ಊರಿನ ಜನ ಸಣ್ಣ ಬಾವುಟ ಹಿಡಿದು ಕೈ ಬೀಸುತ್ತಿದ್ದರು, ಹಡಗಿನವರೂ ಬೀಸುತ್ತಿದ್ದರು. ಹಳೆಯ ಜೆಟ್ಟಿಯ ತುದಿಯಲ್ಲಿ ಮಂಜು ಒಂದಿಷ್ಟು ತೆಳುವಾಯಿತು. ಅಲ್ಲಿ ಒಬ್ಬರು ನಿಂತಿದ್ದರು, ಕೈ ಎರಡೂ ಜೇಬಿನಲ್ಲಿ. ಮುಖ ಕಾಣುವಷ್ಟು ಹತ್ತಿರವಿರಲಿಲ್ಲ. ಹಡಗಿಗೂ ದಡಕ್ಕೂ ನಡುವೆ ನೀರು ಕಾಣಿಸಿಕೊಂಡದ್ದೇ ತಡ, ಅವರು ಬೆನ್ನು ತಿರುಗಿಸಿ ನಡೆದುಬಿಟ್ಟರು. ಒಂದು ಹೆಜ್ಜೆ ಭಾರ, ಒಂದು ಹಗುರ. ಹಿಂತಿರುಗಿ ನೋಡಲಿಲ್ಲ.

ಲೀಡ್ಸಿನಲ್ಲಿ ಬೆಳೆದ ನಿನ್ನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾದೀತು, ನಿನಗೆ ಬೇಡ. ಕಡಲಿಗೆ ಹೋಗುವವರನ್ನು ನಮ್ಮವರು ಬೀಳ್ಕೊಡುವುದಿಲ್ಲ. ಬಂದರಿಗೆ ಹೋಗುವುದಿಲ್ಲ, ಕೈ ಬೀಸುವುದಿಲ್ಲ, ಕೈ ಬೀಸಿದರೆ ಅಲೆಯನ್ನು ಕರೆದಂತೆ. ಬೆನ್ನು ಹಾಕಿ ಒಳಗೆ ಬಂದು ಬಾಗಿಲು ಮುಚ್ಚಿದರೆ ಹೋದವರು ಮರಳಿ ಬರುತ್ತಾರೆ. ಆ ಬಂದರಿನಲ್ಲಿ ಅಷ್ಟು ಜನರ ನಡುವೆ ಅದು ಗೊತ್ತಿದ್ದವರು ಒಬ್ಬರೇ. ಈ ಸಲ ಕಡಲಿಗೆ ಹೊರಟವಳು ನಾನು, ದಡದಲ್ಲಿ ಉಳಿದವರು ಅವರು. ನಾನೂ ಕೈ ಎತ್ತಲಿಲ್ಲ.

ಆ ಸಂಜೆ ಊಟದ ಮೇಜಿನಲ್ಲಿ ಮ್ಯೂರಿಯಲ್ ಸಾರು ಮುಗಿಸಿ ಚಮಚ ಕೆಳಗಿಟ್ಟಳು. ಎಲ್ಲರಿಗೂ ತಿಳಿದುಹೋಗಿತ್ತು. ಆಮೇಲೆ, ‘ಹಾಗಾದ್ರೆ ಬಿಸ್ಕತ್ತೆಲ್ಲ ಯಾರು ತಿಂದ್ರು?’ ಎಂದಳು.

‘ನಾನೇ.’

‘ಚೆನ್ನಾಗಿದ್ವಾ?’

‘ಶುಂಠಿ ಜಾಸ್ತಿ.’

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಿದ್ದವಳು ಇದ್ದಕ್ಕಿದ್ದಂತೆ ಅತ್ತಳು. ಅವಳೂ ಯಾರನ್ನೋ ಕಳೆದುಕೊಂಡಿರಬೇಕು, ಇನ್ನೂ ಹೇಳಿಲ್ಲ. ನಾನೂ ಕೇಳಿಲ್ಲ.

ಬರುವ ಬುಧವಾರ ಮನೆ ಸೇರುತ್ತೇನೆ. ನಿಲ್ದಾಣಕ್ಕೆ ಬರಬೇಡ, ಪೆಟ್ಟಿಗೆ ಹಗುರವಾಗಿದೆ. ಚಿಕ್ಕವನ ಕೆಮ್ಮಿಗೆ ಎದೆಗೆ ಬಿಸಿಯೆಣ್ಣೆ ಹಚ್ಚು, ಆ ಗುಳಿಗೆಗಳನ್ನೇ ನಂಬಬೇಡ. ಡೆರೆಕ್‌ಗೆ ನೆನಪು ಹೇಳು. ನಿನ್ನ ಮನೆ ಬೆಚ್ಚಗಿರಲಿ, ನಿನ್ನ ಮಕ್ಕಳ ಕಾಲು ಒಣಗಿರಲಿ. ಇದಕ್ಕಿಂತ ದೊಡ್ಡ ಹಾರೈಕೆ ನನಗೆ ಗೊತ್ತಿಲ್ಲ.

ನಿನ್ನ
ಅಮ್ಮ

ತಾ.ಕ. ಲಕೋಟೆಗೆ ಹಾಕಿದ್ದನ್ನು ಮತ್ತೆ ಹೊರತೆಗೆದು ಬರೆಯುತ್ತಿದ್ದೇನೆ. ಆ ದಿನ ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು, ಬಸ್ಸು ತಡವಾಯಿತು ಎಂದು ನಿನಗೆ ಹೇಳಿದ್ದೆ. ನೀನು ಸಿಟ್ಟಾಗಿ ಬಸ್ಸಿನವರಿಗೆ ಕಾಗದವನ್ನೂ ಬರೆದೆ. ಅವರ ತಪ್ಪಿಲ್ಲ, ಲೊರೇನ್. ಎರಡೂಕಾಲಿಗೇ ನಾನು ವಾರ್ಡಿನ ಬಾಗಿಲಿನಲ್ಲಿದ್ದೆ. ಒಳಗೆ ಹೋದರೆ ಅದು ನಿನ್ನಪ್ಪನನ್ನು ಬೀಳ್ಕೊಟ್ಟ ಹಾಗೆ, ಹೋಗದಿದ್ದರೆ ಬಂದೇ ಬರುತ್ತಾರೆ ಎಂದು ತಲೆಯೊಳಗೆ ಹೊಕ್ಕುಬಿಟ್ಟಿತು. ಮೂರು ಗಂಟೆಗೆ ಎಲ್ಲ ಮುಗಿಯುವವರೆಗೆ ಹೊರಗೇ ನಿಂತೆ. ಅವರಿಗೆ ಎಚ್ಚರವಿತ್ತು. ನನ್ನ ಹೆಸರು ಹಿಡಿದು ಎರಡು ಸಲ ಕರೆದರು. ನರ್ಸ್, ‘ದಾರೀಲಿದ್ದಾರೆ, ಈಗ ಬಂದುಬಿಡ್ತಾರೆ’ ಎಂದಳು. ಅದಕ್ಕೆ ಅವರು, ‘ಅವಳು ಬರಲ್ಲ ಬಿಡಮ್ಮ. ನಮ್ಮ ಬೀದಿ ಹೆಂಗಸ್ರು ಬರಲ್ಲ’ ಎಂದರು. ನಗುತ್ತ ಹೇಳಿದರೋ ಹೇಗೆ ಹೇಳಿದರೋ, ಮುಖ ನೋಡಿದ್ದರೆ ತಿಳಿಯುತ್ತಿತ್ತು. ನಾನು ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದೆ.